ನಿನ್ನೆಯ ರೊಟ್ಟಿ

ಶಿಗ್ಗಾಂವದ ಬಜಾರದ ಹಿಂದಿನ ಓಣಿಯಲ್ಲಿ ಎರಡು ಖೋಲಿಯ ಬಾಡಿಗೆ ಮನೆಯನ್ನು ಫಕ್ಕೀರವ್ವ ನಡೆಸಿಕೊಂಡು ಬಂದ ರೀತಿಯನ್ನು ಹೊಗಳದವರಿಲ್ಲ. ಹೊಗಳಿದವರು ಯಾರೂ ಅವಳ ತಾಟಿನೊಳಗೆ ಇಣುಕಿ ನೋಡಿರಲಿಲ್ಲ, ಅಷ್ಟೇ. ಗಂಡ ಮಹಾಲಿಂಗಪ್ಪ ಕಾಳಿನ ಅಂಗಡಿಯಲ್ಲಿ ಚೀಲ ಹೊರುವ ಹಮಾಲ. ಮಗ ಶಂಭುಲಿಂಗ ಹೆದ್ದಾರಿಯ ಮೇಲೆ ಪಂಕ್ಚರ್ ತಿದ್ದುತ್ತಾನೆ. ಇಬ್ಬರೂ ತರುವುದರಲ್ಲೇ ಮನೆ ನಡೆಯಬೇಕು, ನಡೆದಿದೆ. ಅಕ್ಕಿ ತೊಳೆದ ನೀರು ಕರಿಬೇವಿನ ಬುಡಕ್ಕೆ, ಹರಿದ ಸೀರೆ ಕೌದಿಗೆ, ಕೌದಿಯೂ ಹರಿದರೆ ಕಾಲೊರಸಿಗೆ. ಕಡೆಯ ರೊಟ್ಟಿ ಪೂರಾ ಬೇಯುವ ಮೊದಲೇ ಗ್ಯಾಸ್ ಆರಿಸಿ, ಹಂಚಿನಲ್ಲಿ ಉಳಿದ ಕಾವಿನಲ್ಲೇ ಅದನ್ನು ಬೇಯಿಸುವಷ್ಟು ಜಾಣೆ.

ಆ ಮನೆಯಲ್ಲೊಂದು ರೂಢಿ ಇತ್ತು. ರಾತ್ರಿ ರೊಟ್ಟಿಬುಟ್ಟಿ ಬರಿದಾಗಿರಬಾರದು. ಹೊತ್ತಲ್ಲದ ಹೊತ್ತಿನಲ್ಲಿ ಯಾರಾದರೂ ಹಸಿದು ಬಂದರೆ ಇರಲಿ ಎಂದು ಅವಳ ಅತ್ತೆ ಹಾಕಿಕೊಟ್ಟದ್ದು. ಬರುವವರು ಯಾರೂ ಬರುತ್ತಿರಲಿಲ್ಲ. ಉಳಿದ ರೊಟ್ಟಿಯನ್ನು ಬೆಳಿಗ್ಗೆ ಚೆಲ್ಲುವ ಮಾತೇ ಇಲ್ಲ. ಗಂಡನಿಗೆ ಹಂಚಿನ ಮೇಲಿಂದ ನೇರ ತಾಟಿಗೆ ಬೀಳಬೇಕು. ಮಗನಿಗೆ ತಂಗಳು ಗಂಟಲಲ್ಲಿ ಇಳಿಯದು. ಹೀಗಾಗಿ ನಿನ್ನೆಯದು ಫಕ್ಕೀರವ್ವನ ಪಾಲಿಗೆ ಬಂತು. ಅವಳು ನಿನ್ನೆಯದನ್ನು ತಿಂದದ್ದರಿಂದ ಇವತ್ತಿನ ಅವಳ ಬಿಸಿ ರೊಟ್ಟಿ ಉಳಿಯುತ್ತಿತ್ತು. ಅದು ರಾತ್ರಿಯೆಲ್ಲ ಬುಟ್ಟಿಯಲ್ಲಿ ಒಣಗಿ, ಮರುದಿನ ಅವಳ ತಾಟಿಗೇ ಬರುತ್ತಿತ್ತು. ರೊಟ್ಟಿ ತಟ್ಟಿ ತಟ್ಟಿ ಅಂಗೈ ಸವೆಸಿಕೊಂಡ ಹೆಂಗಸು ಬಿಸಿ ರೊಟ್ಟಿಯ ರುಚಿಯನ್ನೇ ಮರೆತಿದ್ದಳು. ತಂಗಳು ತಿನ್ನು ಎಂದು ಯಾರೂ ಅವಳಿಗೆ ಹೇಳಿರಲಿಲ್ಲ. ಬೇಡ ಎಂದೂ ಯಾರೂ ಹೇಳಲಿಲ್ಲ. ಎರಡರಲ್ಲಿ ಯಾವುದು ದೊಡ್ಡ ತಪ್ಪೋ ಮನೆಮನೆಯ ಗಂಡಸರೇ ಯೋಚಿಸಲಿ.

ಈ ಸಲ ಬೇಸಿಗೆಯಲ್ಲಿ ಅವಳಿಗೆ ಚಿಕೂನ್‌ಗುನ್ಯಾ ಬಂತು. ಜ್ವರ ಬಿಟ್ಟಿತು, ಕೀಲುನೋವು ಬಿಡಲಿಲ್ಲ. ಲೋಟ ಹಿಡಿಯಲು ಬಾರದ ಕೈ ಹಿಟ್ಟು ನಾದುವುದೆಲ್ಲಿಂದ ಬಂತು? ಒಲೆ ಸೊಸೆಯ ಕೈಗೆ ಹೋಯಿತು. ಸೊಸೆ ಐಶ್ವರ್ಯ ಹೋದ ವರ್ಷವಷ್ಟೇ ಆಡೂರಿನಿಂದ ಬಂದವಳು, ಮಾತು ಕಡಿಮೆ.

ಮೊದಲ ದಿನವೇ ಐಶ್ವರ್ಯ ಅತ್ತೆಯ ಮುಂದೆ ಉಬ್ಬಿದ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ಇಟ್ಟಳು. ನಿನ್ನೆಯದು ಎಲ್ಲಿ ಎಂದು ಫಕ್ಕೀರವ್ವ ಕೇಳಿದಳು. ಪಕ್ಕದ ಮನೆಯ ಜನ್ನತಬಿಯ ಆಡಿಗೆ ಹಾಕಿದೆನೆಂದಳು ಸೊಸೆ. ಹೀಗೆ ದಂಡ ಮಾಡಿದರೆ ಮನೆ ಉಳಿದೀತೇ ಎಂದು ಗೊಣಗುತ್ತಲೇ ಫಕ್ಕೀರವ್ವ ಒಂದು ತುತ್ತು ಮುರಿದಳು. ರೊಟ್ಟಿ ಮೆತ್ತಗಿತ್ತು, ಹಲ್ಲಿಗೆ ಕೆಲಸವೇ ಇರಲಿಲ್ಲ. ಇಷ್ಟು ಚೆಂದ ಅನಿಸಿತಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ದಿನ ಕಳೆದಂತೆ ನಾಚಿಕೆ ಹೋಯಿತು. ನೋವಿನ ಮೈ ಹೊತ್ತು ಏಳುವುದಕ್ಕೆ ಆ ಬಿಸಿ ರೊಟ್ಟಿಯೊಂದೇ ನೆಪವಾಯಿತು. ಮೂಕಪ್ರಾಣಿಯ ಹೊಟ್ಟೆಗೆ ಹೋಗುವುದು ದಂಡವಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಮಳೆ ಹಿಡಿದ ಮೇಲೆ ಒಂದು ಮಧ್ಯಾಹ್ನ ಜನ್ನತಬಿ ಆರೋಗ್ಯ ವಿಚಾರಿಸಲು ಬಂದಳು. ನಮ್ಮ ರೊಟ್ಟಿ ತಿಂದು ನಿನ್ನ ಆಡು ಗುಂಡಗಾಗಿರಬೇಕಲ್ಲ ಎಂದು ಫಕ್ಕೀರವ್ವ ಚಾಷ್ಟಿ ಮಾಡಿದಳು. ಜನ್ನತಬಿ ಪಿಳಿಪಿಳಿ ನೋಡಿದಳು.

"ಆಡು ಎಲ್ಲೈತ್ರಿ ಅಕ್ಕಾ? ಬಕ್ರೀದ್ ಮುಂದ ಮಾರಿಬಿಟ್ವಿ. ನೀವು ಜ್ವರದಾಗ ಮಲಗಿದ್ರಿ."

ಫಕ್ಕೀರವ್ವ ಅಡುಗೆಮನೆಯ ಕಡೆ ತಿರುಗಿ ನೋಡಿದಳು. ಹಾಗಾದರೆ ಇಷ್ಟು ದಿನದ ರೊಟ್ಟಿ ಯಾರ ಹೊಟ್ಟೆಗೆ ಹೋಯಿತು?

ಮರುದಿನ ಮಾಮೂಲಿಗಿಂತ ಬೇಗ ಎದ್ದು, ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದಳು. ಐಶ್ವರ್ಯ ಬಾಗಿಲ ಮರೆಯಲ್ಲಿ ಕುಕ್ಕರಗಾಲಲ್ಲಿ ಕುಳಿತು, ಬಿರುಸಾದ ರೊಟ್ಟಿಯನ್ನು ನಿನ್ನೆಯ ಸಾರಿನಲ್ಲಿ ಅದ್ದಿ ಅವಸರದಲ್ಲಿ ತಿನ್ನುತ್ತಿದ್ದಳು. ಅತ್ತೆಯನ್ನು ಕಂಡು ಕೈ ಸೆರಗಿನೊಳಗೆ ಹೋಯಿತು.

"ಯಾಕ ಸುಳ್ಳ ಹೇಳಿದಿ?"

"ಚೆಲ್ಲಾಕ ಮನಸ್ಸಾಗ್ಲಿಲ್ರಿ ಅತ್ತಿ. ಇಷ್ಟ ದಿನ ನೀವು ತಿಂದ್ರಿ, ಈಗ ನಾ ತಿಂತೇನಿ. ಮನಿ ನಡೀಬೇಕಲ್ರಿ."

ಅದರಲ್ಲಿ ದೂರು ಇರಲಿಲ್ಲ. ದೂರಿದ್ದರೆ ಬೈದು ಮುಗಿಸಬಹುದಿತ್ತು. ಫಕ್ಕೀರವ್ವ ಸೊಸೆಯ ಕೈಯಿಂದ ರೊಟ್ಟಿ ಕಿತ್ತುಕೊಂಡು ಅಂಗಳಕ್ಕೆ ಬಂದಳು. ಎಸೆಯಲು ಕೈ ಏಳಲಿಲ್ಲ. ಕಡೆಗೆ ಬಗ್ಗಿ, ಓಣಿಯ ನಾಯಿಯ ಮುಂದೆ ಇಟ್ಟಳು. ನಾಯಿ ಮೂಸಿ ನೋಡಿ ಆಚೆ ಹೋಗಿ ಮಲಗಿತು.

ಅವಳಿಗೆ ಮೊದಲು ನಾಯಿಯ ಮೇಲೆ ಸಿಟ್ಟು ಬಂತು, ಆಮೇಲೆ ಸತ್ತ ಅತ್ತೆಯ ಮೇಲೆ, ಕಡೆಗೆ ತನ್ನ ಮೇಲೆಯೇ. ಅಷ್ಟು ಸಿಟ್ಟಾಗಲೂ ಮೈಯಲ್ಲಿ ತ್ರಾಣವಿರಲಿಲ್ಲ. ಒಳಗೆ ಬಂದು ಒಲೆಯ ಹತ್ತಿರ ಕುಳಿತಳು.

"ಇವತ್ತಿಂದ ಎಷ್ಟ ಬೇಕೋ ಅಷ್ಟ ತಟ್ಟು. ಬುಟ್ಟಿ ಬರಿದಾದ್ರ ಆಗ್ಲಿ."

"ಯಾರರ ಬಂದ್ರರಿ?"

"ಬಂದಾಗ ತಟ್ಟಿ ಹಾಕಿದ್ರಾತು."

ಹೇಳಿದ ಮೇಲೆ ಅವಳಿಗೇ ಅದರ ಸರಳತನ ಹೊಳೆಯಿತು. ಇಷ್ಟು ಸಣ್ಣ ಮಾತು ಇಷ್ಟು ವರ್ಷ ಬಾಯಿಗೆ ಬಂದಿರಲಿಲ್ಲವಲ್ಲ ಎಂದು ಕಣ್ಣು ತುಂಬಿ ಬಂತು. ಐಶ್ವರ್ಯ ತಟ್ಟಿ ಬೇಯಿಸಿದ ಮೊದಲ ರೊಟ್ಟಿಯನ್ನು ಬಗ್ಗಲು ಬಾರದ ಬೆರಳುಗಳಿಂದಲೇ ಹಂಚಿನಿಂದ ಎತ್ತಿ ಅವಳ ತಾಟಿಗೆ ಹಾಕಿದಳು. ಅಷ್ಟರಲ್ಲಿ ಕೆಲಸಕ್ಕೆ ಹೊತ್ತಾಯಿತೆಂದು ಹೊರಗಿನ ಖೋಲಿಯಿಂದ ಮಹಾಲಿಂಗಪ್ಪ ರೊಟ್ಟಿ ಕೇಳಿದ.

"ತಡೀರಿ," ಎಂದಳು ಫಕ್ಕೀರವ್ವ, "ಅಕಿ ಉಣ್ಣಾಕತ್ತಾಳ."