ಚುಕ್ಕಿ ಇಲ್ಲದ ರೂಪಾಯಿ

ಹುಣಸೆಹಣ್ಣು ನೆನೆಸಿದ ನೀರಿನ ವಾಸನೆಗೆ ನನಗೆ ಇಂದಿಗೂ ಬೆಳ್ಳಿ ರೂಪಾಯಿಗಳು ನೆನಪಾಗುತ್ತವೆ. ಕೆಲವು ವಿವರಗಳು ತಪ್ಪಿರಬಹುದು. ಅಂದು ದೀಪ ಹಚ್ಚಿದ್ದರೋ ಇಲ್ಲವೋ, ಚಿಗವ್ವನ ಸೀರೆ ಹಸಿರೋ ನೀಲಿಯೋ, ಆಣೆ ಮಾಡಿ ಹೇಳಲಾರೆ. ಬೇವೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ದೀಪಾವಳಿಯ ಲಕ್ಷ್ಮೀಪೂಜೆಗೆ ಅಜ್ಜ ರಾಜನ ಮುಖದ ಹಳೆಯ ರೂಪಾಯಿಗಳ ಗಂಟು ಬಿಚ್ಚುತ್ತಿದ್ದ. ಅವನ್ನು ಹುಣಸೆಹಣ್ಣಿನಿಂದ ತಿಕ್ಕಿ ತೊಳೆಯುವುದು ಅಪ್ಪನ ತಮ್ಮ ಕಾಕಾನ ಹೆಂಡತಿ, ನನ್ನ ಚಿಗವ್ವನ ಕೆಲಸ. ಒರೆಸಿ ತಟ್ಟೆಗಿಡುವುದು ನನ್ನದು. ರೂಪಾಯಿಯ ಹಿಂಬದಿಯಲ್ಲಿ, ಕೆಳಗಿನ ಕಮಲದ ಅಡಿಗೆ, ಸಾಸಿವೆಗಿಂತ ಸಣ್ಣದೊಂದು ಉಬ್ಬು ಚುಕ್ಕಿ. "ಚುಕ್ಕಿ ಇದ್ದದ್ದು ಖರೇ, ಇಲ್ಲದ್ದು ಖೋಟಾ" ಎನ್ನುತ್ತಿದ್ದ ಅಜ್ಜ. ಆ ವರ್ಷ ಒಂದು ರೂಪಾಯಿಯನ್ನು ಬೆಳಕಿಗೆ ಹಿಡಿದವನು ಕೆಳಗಿಡಲೇ ಇಲ್ಲ. ಉಗುರಿನಿಂದ ಕಮಲದ ಅಡಿ ಕೆರೆದು ನೋಡಿದ. ಚುಕ್ಕಿ ಇರಲಿಲ್ಲ.

ಚಿಗವ್ವ ಕೊಪ್ಪಳದ ಮಗ್ಗುಲಿನ ಭಾಗ್ಯನಗರದ ತವರಿನಿಂದ ಬಂದು ವಾರವಾಗಿತ್ತಷ್ಟೆ. "ತವರಿಗೆ ಹೋಗೂಮುಂದ ಇದ್ದ ಚುಕ್ಕಿ ಬರೂದ್ರಾಗ ಎಲ್ಲಿ ಹೋತು?" ಎಂದ ಅಜ್ಜ.

"ಹುಣಸಿಹಣ್ಣಿಗೆ ಚುಕ್ಕಿ ಕರಗ್ತಾವೇನ್ರಿ, ಮಾವಾರ?" ಚಿಗವ್ವ ನಗಲು ನೋಡಿದಳು. ಯಾರೂ ನಗಲಿಲ್ಲ. ಅಜ್ಜ ದೇವರ ಮುಂದಿದ್ದ ಭಂಡಾರದ ಬಟ್ಟಲನ್ನು ಅವಳತ್ತ ಸರಿಸಿದ. ಆ ಅರಿಶಿನದ ಪುಡಿ ಮುಟ್ಟಿ ಆಡಿದ ಮಾತನ್ನು ನಮ್ಮಲ್ಲಿ ಯಾರೂ ಮತ್ತೆ ಪ್ರಶ್ನಿಸುವುದಿಲ್ಲ.

"ಮುಟ್ಟಿ ಹೇಳು. ಮುಗೀತು."

"ರೂಪಾಯಿ ಬದಲಿ ಮಾಡಿಲ್ಲಂತ ಹೇಳಾಕತ್ತೀನ್ರಿ. ನನ್ನ ಬಾಯಿಮಾತು ನಂಬದ ಮನ್ಯಾಗ ಭಂಡಾರ ಯಾಕ ಮುಟ್ಟಲಿ?"

ಹೀಗೆಂದಾಗ ಅವಳ ಕಣ್ಣು ಕಂಬಕ್ಕೊರಗಿ ನಿಂತಿದ್ದ ಕಾಕಾನ ಮೇಲಿತ್ತು. ಹುಣಸೆನೀರು ಮೊಣಕೈವರೆಗೆ ಇಳಿಯುತ್ತಿತ್ತು. ಕಾಕಾ ನೆಲ ನೋಡಿದ. ಮರುದಿನ ಅವಳು ಕೊಪ್ಪಳದ ಬಸ್ಸು ಹತ್ತಿದಳು. ಕರೆತರಲು ಯಾರೂ ಹೋಗಲಿಲ್ಲ.

ಈಗ ಅಜ್ಜನಿಲ್ಲ, ಆ ಪಡಸಾಲೆಯೂ ಇಲ್ಲ. ಚಿಗವ್ವ ಹೋದ ವರ್ಷ ತವರಿನಲ್ಲೇ ತೀರಿಕೊಂಡಳು. ಹಳೆಯ ನಾಣ್ಯಗಳ ಬಗ್ಗೆ ಈಚೆಗೆ ಓದುವಾಗ ತಿಳಿಯಿತು: ಆ ಚುಕ್ಕಿ ಮುಂಬಯಿ ಟಂಕಸಾಲೆಯ ಗುರುತು, ಕಲ್ಕತ್ತೆಯಲ್ಲಿ ಅಚ್ಚಾದ ರೂಪಾಯಿಗೆ ಗುರುತೇ ಇರುತ್ತಿರಲಿಲ್ಲ. ಎರಡೂ ಖರೇ. ಚುಕ್ಕಿ ಇಲ್ಲದ್ದು ಮೊದಲಿನಿಂದಲೂ ಆ ಗಂಟಿನಲ್ಲೇ ಇದ್ದಿರಬಹುದು. ಎಲ್ಲಕ್ಕೂ ಚುಕ್ಕಿ ಇದ್ದದ್ದನ್ನು ನಾನು ಕಂಡಿದ್ದೆನೋ, ಅಜ್ಜ ಹೇಳಿದ್ದನ್ನೇ ಕಂಡೆನೆಂದುಕೊಂಡೆನೋ.

ಆ ರೂಪಾಯಿ ಕಾಕಾನ ಬಳಿಯೇ ಇದೆ. ಮೊನ್ನೆ ಅವನ ಎದುರು ಕುಳಿತು ಇದನ್ನೆಲ್ಲ ಹೇಳಿದೆ.

"ಇಷ್ಟು ಓದಿದಾಕಿ, ಒಂದು ವರ್ಷ ಮೊದಲು ಓದಬಾರದಿತ್ತೇನವ್ವ" ಎಂದವನು ಹೆಬ್ಬೆರಳಿನಿಂದ ಕಮಲದ ಅಡಿಯನ್ನು ಸವರುತ್ತ ಕುಳಿತ.

"ಕಾಕಾ, ಚಿಗವ್ವ ಬದಲಿ ಮಾಡ್ಯಾಳಂತ ಅವತ್ತು ನೀನೂ ನಂಬಿದ್ಯೇನು?" ಎಂದು ಕೇಳಿದೆ.

ಅವನು ಅಂದಿನಂತೆಯೇ ನೆಲ ನೋಡಿದ.