ನೆಲದ ಮೇಲೆ ಉಳಿದಾಕೆ

ಅದು ೧೯೪೫ರ ಮಳೆಗಾಲ. ನನಗಾಗ ಹದಿನಾರು ವರ್ಷ. ದೇವದುರ್ಗಕ್ಕೆ ಕೊಟ್ಟಿದ್ದ ನಮ್ಮ ಅಕ್ಕ ರಮಾಬಾಯಿಗೆ ಹೆರಿಗೆಯಾದ ಐದನೇ ದಿನ ಜ್ವರ ಏರಿತು. ಕೂಸು ಹುಟ್ಟಿದ ದಿನವೇ ಹೋಗಿತ್ತು. ಊರಿನ ವೈದ್ಯರು ಕೈಚೆಲ್ಲಿದ ಮೇಲೆ ಭಾವ ಬಂಡಿಯಲ್ಲಿ ಹುಲ್ಲು ಹಾಸಿ ಆಕೆಯನ್ನು ರಾಯಚೂರಿನ ಒಂದು ದವಾಖಾನೆಗೆ ತಂದರು. ಸುದ್ದಿ ತಿಳಿದು ಮಾನ್ವಿಯಿಂದ ಅವ್ವ, ನಾನು ಹೊರಟುಬಂದೆವು.

ಹೆಂಗಸರ ವಾರ್ಡು ಅಂದರೆ ಒಂದು ಉದ್ದ ಕೋಣೆ. ಇದ್ದ ನಾಲ್ಕು ಮಂಚ ತುಂಬಿದ್ದವು. ಉಳಿದವರೆಲ್ಲ ನೆಲದ ಮೇಲೆ, ತಾವೇ ತಂದ ಕೌದಿ ಹಾಸಿಕೊಂಡು ಮಲಗಿದ್ದರು. ಅಕ್ಕನಿಗೆ ಬಾಗಿಲ ಹತ್ತಿರ ಜಾಗ ಸಿಕ್ಕಿತು. ಮಳೆ ಜೋರಾದರೆ ಹೊಸ್ತಿಲು ದಾಟಿ ನೀರು ಒಳಗೆ ಬರುತ್ತಿತ್ತು.

ಅಕ್ಕನ ಮಗ್ಗುಲಿಗೆ ಕಲ್ಲೂರಿನ ಯಲ್ಲಮ್ಮ ಇದ್ದಳು. ಕೂಲಿ ಮಾಡುವಾಕೆ. ಆಕೆಗೂ ಬಾಣಂತಿ ಜ್ವರವೇ. ಒಳಗೆ ಗಂಡಸರನ್ನು ಬಿಡುತ್ತಿರಲಿಲ್ಲವಾದ್ದರಿಂದ ಆಕೆಯ ಗಂಡ ಹೊರಗೆ ಗೋಣಿಚೀಲ ಹೊದ್ದು ಮಳೆಯಲ್ಲಿ ಕೂತಿರುತ್ತಿದ್ದ. ಆಕೆಗೆ ನಾನೇ ನೀರು ಕುಡಿಸುತ್ತಿದ್ದೆ. ನಮ್ಮವ್ವ ಬಹಳ ಮಡಿಯವಳು. ಆದರೂ ಅದನ್ನು ಕಂಡರೂ ಕಾಣದ ಹಾಗೆ ಮುಖ ಆಚೆ ತಿರುಗಿಸುತ್ತಿದ್ದಳು.

ಮೂರನೇ ದಿನ ಒಂದು ಬಂಡಿಯಲ್ಲಿ ಹೊಸ ಮಂಚ ಬಂತು. ಜೊತೆಗೆ ಹಮೀದಾಬೀ ಎಂಬ ವಯಸ್ಸಾದ ಹೆಂಗಸು. ಹಿಂದಿನ ವರ್ಷ ಆಕೆಯ ಮಗಳು ಅದೇ ನೆಲದ ಮೇಲೆ ಪ್ರಾಣ ಬಿಟ್ಟಿದ್ದಳಂತೆ.

"ಸದ್ಯಕ್ಕ ಒಂದ ತಯಾರಾಗ್ಯದ. ಬಡಿಗ್ಯಾ ಇನ್ನೂ ಮಾಡಾಕತ್ತಾನ. ಯಾರಿಗೆ ಭಾಳ ತಕಲೀಫ್ ಅದ, ಅವರಿಗೆ ಕೊಡ್ರಿ ಇದನ್ನ," ಎಂದಳು.

ಡಾಕ್ಟರಮ್ಮ ಆಗಷ್ಟೇ ಒಂದು ಹೆರಿಗೆ ಮುಗಿಸಿ ಬಂದಿದ್ದರು. ಅಕ್ಕನ ಕೈ ಹಿಡಿದು ನೋಡಿದರು, ಯಲ್ಲಮ್ಮನ ಕೈಯನ್ನೂ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ನೀ ಮುಂಜಾನಿಂದ ಇಲ್ಲೇ ಇದ್ದೀ. ಇಬ್ಬರೊಳಗ ಚಳಿ ಯಾರಿಗೆ ಹೆಚ್ಚು ಬಂದಿತ್ತವ್ವಾ?"

ಮುಂಜಾನೆಯಿಂದ ಯಲ್ಲಮ್ಮನಿಗೆ ಮೂರು ಸಲ ಚಳಿ ಬಂದಿತ್ತು. ಹಲ್ಲು ಕಟಕಟ ಅನ್ನುವುದನ್ನು ನಾನೇ ಕೇಳಿದ್ದೆ. ಅಕ್ಕ ನಿದ್ದೆ ಮಾಡಿದ್ದಳು. ಅವ್ವ ಗಂಜಿ ಕಾಯಿಸಲು ಹೊರಗೆ ಹೋಗಿದ್ದಳು.

"ನಮ್ಮ ಅಕ್ಕಗ್ರೀ," ಅಂದುಬಿಟ್ಟೆ.

ಯಲ್ಲಮ್ಮನ ಕಣ್ಣು ತೆರೆದೇ ಇದ್ದವು. ನನ್ನನ್ನೇ ನೋಡಿದಳು. ನಾವು ಅಕ್ಕನನ್ನು ಎತ್ತುವಾಗ ನಮ್ಮ ಕಾಲಿಗೆ ತೊಡಕಾಗದಿರಲಿ ಎಂದು ತನ್ನ ಕೌದಿಯನ್ನು ಈಚೆಗೆ ಎಳೆದುಕೊಂಡಳು.

ಮರುದಿನ ಮಧ್ಯಾಹ್ನ ಮತ್ತೆ ಮಳೆ ಹೊಡೆಯಿತು. ಆಕೆಯ ಕೌದಿ ಪೂರಾ ತೊಯ್ದಿತು. ಅವ್ವ ತನ್ನ ಒಣ ಸೀರೆಯೊಂದನ್ನು ಮಡಚಿ ಆಕೆಯ ಕೆಳಗೆ ಹಾಸಿದಳು. ಹೊತ್ತು ಇಳಿಯುವ ಮುಂಚೆ ಯಲ್ಲಮ್ಮ ಹೋಗಿಬಿಟ್ಟಳು.

ಹೆಣ ಬಂಡಿಗೆ ಹಾಕಿದ ಮೇಲೆ ಅವಳ ಗಂಡ ಬಾಗಿಲ ತನಕ ಬಂದು ನನಗೆ ಕೈಮುಗಿದ. "ಅವ್ವಾರ, ನೀರು ಕುಡಿಸ್ತಾರಂತ ಬಾಗಲದಾಗಿಂದ ನಿಮ್ಮನ್ನ ತೋರಿಸಿದ್ಲು ಆಕಿ. ನಿಮ್ಮ ಅಕ್ಕಾರರೆ ಉಳೀಲಿ." ನನಗೆ ತಲೆ ಎತ್ತಲು ಆಗಲಿಲ್ಲ.

ಅಕ್ಕ ಉಳಿದಳು. ನಾವು ಅಲ್ಲಿದ್ದ ತಿಂಗಳೊಳಗೆ ಹಮೀದಾಬೀಯ ಉಳಿದ ಮಂಚಗಳು ಬಂದವು. ಅದನ್ನು ನೋಡಿ ಅರಿವೆ ಅಂಗಡಿಯವರೊಬ್ಬರು ಕಂಬಳಿ ಕಳಿಸಿದರು. ಇನ್ಯಾರೋ ಕಲ್ಲು ತರಿಸಿ ಹೊಸ್ತಿಲು ಎತ್ತರ ಮಾಡಿಸಿದರು. ಹೊರಡುವ ದಿನ ಅವ್ವ ತನ್ನ ಕೈಯ ಚಿನ್ನದ ಪಾಟಲಿ ಬಿಚ್ಚಿ ಹಮೀದಾಬೀಯ ಕೈಯಲ್ಲಿಟ್ಟಳು.

"ಹೊರಗ ಒಂದು ತಗಡಿನ ಚಪ್ಪರ ಹಾಕಸ್ರಿ. ಪಾಪ, ಆ ಮನಷ್ಯಾ ಮಳ್ಯಾಗ ಕೂತಿದ್ದ."

ಮರುವರ್ಷ ಅಕ್ಕನನ್ನು ತೋರಿಸಲು ಮತ್ತೆ ಹೋದೆವು. ನೆಲ ಒಣಗಿತ್ತು, ಅಲ್ಲಿ ಯಾರೂ ಮಲಗಿರಲಿಲ್ಲ. ಚಪ್ಪರದಡಿ ಒಬ್ಬ ಮುದುಕಿ ಮಗಳಿಗೆ ಗಂಜಿ ಆರಿಸುತ್ತಾ, "ಇದನ್ನ ಹಾಕಿಸಿದಾಕಿ ಹೊಟ್ಟಿ ತಣ್ಣಗಿರಲಿ," ಎನ್ನುತ್ತಿದ್ದಳು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಡಾಕ್ಟರಮ್ಮ ಕೇಳಿದ್ದಕ್ಕೆ ನಾನು ಏನು ಹೇಳಿದ್ದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಕೊನೆತನಕ ಗೊತ್ತಾಗಲೂ ಇಲ್ಲ.

ಮಂಚ ಸಿಕ್ಕಿದ್ದರೆ ಯಲ್ಲಮ್ಮ ಬದುಕುತ್ತಿದ್ದಳೇ? ಡಾಕ್ಟರಮ್ಮನನ್ನು ಕೇಳಬಹುದಿತ್ತು. ಧೈರ್ಯವಾಗಲಿಲ್ಲ.

ಅಕ್ಕ ಮುಂದೆ ಇಬ್ಬರು ಮಕ್ಕಳನ್ನು ಹೆತ್ತಳು. ಆ ಮಕ್ಕಳು "ಚಿಕ್ಕವ್ವಾ" ಎಂದು ಓಡಿಬಂದು ಅಪ್ಪಿಕೊಂಡಾಗಲೆಲ್ಲ ಸಂತೋಷದ ಜೊತೆಗೇ ಯಲ್ಲಮ್ಮ ಕೌದಿ ಎಳೆದುಕೊಂಡದ್ದು ಕಣ್ಣಿಗೆ ಬರುತ್ತಿತ್ತು. ನಾನು ಹೇಳಿದ್ದು ತಪ್ಪು ಎಂದು ಆವತ್ತೇ ಗೊತ್ತಿತ್ತು. ಆದರೆ ಇವತ್ತು ಯಾರಾದರೂ ಎದುರು ನಿಂತು ಅದೇ ಮಾತು ಕೇಳಿದರೆ ನಿಜ ಹೇಳುತ್ತೇನೆ ಎಂಬ ನಂಬಿಕೆ, ಈ ವಯಸ್ಸಿನಲ್ಲೂ, ನನಗಿಲ್ಲ.