ಇಬ್ಬರಿಗೆ ಒಂದೇ ಕ್ಯಾಮೆರಾ

ಹರಪನಹಳ್ಳಿಯಲ್ಲಿ ನಮ್ಮದೊಂದು ಫೋಟೋ ಸ್ಟುಡಿಯೋ ಇತ್ತು. ಪಕ್ಕದಲ್ಲೇ ಮೆಕ್ಕೆಜೋಳದ ಅಂಗಡಿ. ಸುಗ್ಗಿಯಲ್ಲಿ ಅಲ್ಲಿಯ ಜೋಳದ ಹೊಟ್ಟು ಹಾರಿ ಬಂದು ನಮ್ಮ ನೀಲಿ ಪರದೆಯ ಮೇಲೆ ಕೂರುತ್ತಿತ್ತು. ಪಾಸ್‌ಪೋರ್ಟ್ ಫೋಟೋಕ್ಕೆ ಬಂದವರು ಸೀನಿ ಸೀನಿ ಕಣ್ಣು ಕೆಂಪು ಮಾಡಿಕೊಂಡೇ ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು. ನಮ್ಮ ತಾಲ್ಲೂಕಿನ ಅರ್ಧ ಜನ ಹಳೇ ಅರ್ಜಿಗಳಲ್ಲಿ ಅತ್ತವರ ಹಾಗೆ ಕಾಣುತ್ತಿದ್ದರೆ ಅದಕ್ಕೆ ಕಾರಣ ನಾವೇ. ಮದುವೆ ಕೆಲಸ ಬಂದರೆ ಫೋಟೋ ನಮ್ಮ ಯಜಮಾನರದು, ವಿಡಿಯೋ ನನ್ನದು.

ವಿಡಿಯೋ ನನ್ನ ಕೈಗೆ ಬಂದದ್ದು ಯಾರೋ ಪ್ರೀತಿಯಿಂದ ಕೊಟ್ಟು ಅಲ್ಲ. ಮೊದಲೆಲ್ಲ ದಾವಣಗೆರೆಯಿಂದ ಒಬ್ಬ ವಿಡಿಯೋದವರನ್ನು ಕರೆಸುತ್ತಿದ್ದೆವು. ನಾನು ಲೈಟು ಹಿಡಿಯುತ್ತಿದ್ದೆ. ಅರಸೀಕೆರೆಯ ಒಂದು ಮದುವೆಯಲ್ಲಿ ಸುರಗಿ ನಡೆಯುತ್ತಿತ್ತು. ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ನೂಲು ಸುತ್ತಿ, ನಡುವೆ ಮದುಮಗಳನ್ನು ಕೂರಿಸಿ ನೀರು ಹಾಕುತ್ತಾರಲ್ಲ, ಅದು. ಹೆಂಗಸರು "ಗಂಡಸರು ಬ್ಯಾಡ" ಅಂತ ಆ ಮನುಷ್ಯನನ್ನು ಹೊರಗೆ ಕಳಿಸಿಬಿಟ್ಟರು. ಮದುಮಗಳ ಚಿಕ್ಕಮ್ಮ ನನ್ನ ಕಡೆ ತಿರುಗಿ, "ಯಕ್ಕಾ, ನೀನ ಹಿಡಿ. ಅದರಾಗ ಏನೈತಿ, ದೊಡ್ಡದೇನಲ್ಲ" ಅಂದಳು. ಹಿಡಿದೆ. ಆಮೇಲೆ ನಾವೇ ಒಂದು ವಿಡಿಯೋ ಕ್ಯಾಮೆರಾ ಕೊಂಡೆವು, ಆರು ವರ್ಷ ನಾನದನ್ನು ಬಿಡಲಿಲ್ಲ.

ಯಾಕೆ ಬಿಡಲಿಲ್ಲ ಅಂದರೆ, ಅವತ್ತಿನ ತನಕ ಮದುವೆಮನೆಯಲ್ಲಿ ನನಗೆ ಎಲ್ಲರೂ ಹೇಳುವವರೇ. ಎಲಿ ಹಾಕು, ನೀರಿಡು, ಅಲ್ಲಿ ನಿಂದರಬ್ಯಾಡ. ಹೆಗಲ ಮೇಲೆ ಕ್ಯಾಮೆರಾ ಕೂತ ಮೇಲೆ ಹೇಳುವವಳು ನಾನಾದೆ. "ಸರೀರಿ" ಅಂದರೆ ಪಂಚಾಯ್ತಿ ಅಧ್ಯಕ್ಷರೂ ಸರಿಯುತ್ತಿದ್ದರು. ನಮ್ಮ ಬಳಗದ್ದೇ ಒಂದು ಮದುವೆಯಲ್ಲಿ ನಮ್ಮ ಅತ್ತೆಗೆ, "ಅತ್ತಿ, ಅಡ್ಡ ಬಂದೀರಿ, ಸ್ವಲ್ಪ ಕೆಳಗ ಕುಂದರ್ರಿ" ಅಂದೆ. ಅವರು ಕೂತರು. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಮೊದಲ ಸಲ ನಾನು ಹೇಳಿದ ಒಂದು ಮಾತನ್ನು ಅವರು ಕೇಳಿದ್ದು. ಅವತ್ತು ನನಗೆ ಎಷ್ಟು ಖುಷಿಯಾಯಿತು ಅಂದರೆ ಊಟ ಬೇಡವಾಯಿತು. ಆ ಕ್ಯಾಮೆರಾ ಇಲ್ಲದಿದ್ದರೆ ನಾನು ಮತ್ತೆ ಎಲೆ ಹಾಕುವವಳೇ, ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾದ ಮೇಲೆ ಆ ಹಳೇ ಕ್ಯಾಮೆರಾ ಕೈ ಕೊಟ್ಟಿತು. ಯಾರನ್ನು ತೆಗೆದರೂ ಮುಖದ ಮೇಲೆ ಅಡ್ಡ ಗೆರೆ. ಹೂವಿನಹಡಗಲಿಯ ಒಂದು ಮದುವೆಯಲ್ಲಿ ಮದುಮಗನಿಗೆ ಎರಡು ಮೀಸೆ ಬಂದವು, ಮದುಮಗಳಿಗೆ ಒಂದು. ಹೊಸದು ತರದೇ ವಿಧಿಯಿರಲಿಲ್ಲ. ಒಂದು ದಿನ ನಮ್ಮ ಯಜಮಾನರು ಬಣ್ಣದ ಹಾಳೆಯೊಂದನ್ನು ಹಿಡಿದುಕೊಂಡು ಅಡುಗೆಮನೆಗೇ ಬಂದರು.

"ಏ, ಇಲ್ನೋಡು. ಒಂದ ಕ್ಯಾಮೆರಾ. ಫೋಟೋನೂ ತೆಗಿತೈತಿ, ವಿಡಿಯೋನೂ ತೆಗಿತೈತಿ. ಹಳೇವು ಎರಡೂ ಕೊಟ್ಟು ಇದೊಂದ ತಂದುಬಿಡಾನ."

"ಹಿಡಿಯೋರು ಯಾರು?"

"ಹಿಡಿಯಾಕ ಒಬ್ರ ಸಾಕಲ್ಲ. ನಿನಗೂ ಆರಾಮ ಆಕ್ಕತಿ."

ಆರಾಮ ಅನ್ನುವ ಮಾತಿಗೆ ಇಷ್ಟು ಸಿಟ್ಟು ಬರುತ್ತದೆ ಅಂತ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅವತ್ತು ಸಾರಿಗೆ ಎರಡು ಸಲ ಉಪ್ಪು ಬಿತ್ತು. ಎರಡನೇ ಸಲ ಬೇಕಂತಲೇ ಹಾಕಿದ್ದು. ಅವರು ತಟ್ಟೆ ಖಾಲಿಯಾಗುವ ತನಕ ಉಂಡು, ಎರಡು ಚೊಂಬು ನೀರು ಕುಡಿದು ಎದ್ದರು. ಮಾತು ಕಮ್ಮಿ ಇರುವವರ ಜೊತೆ ಜಗಳ ತೆಗೆಯುವುದು ಬಹಳ ಕಷ್ಟ.

ಅವರ ಮಾತು ಕಮ್ಮಿ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹದಿನೆಂಟು ವರ್ಷದ ಕೆಲಸದಲ್ಲಿ ಅವರು ಜನರಿಗೆ ಹೇಳಿದ್ದು ಎರಡೇ ಮಾತು: "ಹಿಡೀರಿ", "ಆತು". ತಾಳಿ ಕಟ್ಟಲು ಮದುಮಗ ಕೈ ಎತ್ತಿದ ಕೂಡಲೇ ಇವರು "ಹಿಡೀರಿ" ಅನ್ನುವರು. ಅವನು ಹಾಗೇ ಹಿಡಿದು ನಿಲ್ಲುವನು. ಮೂರು ಸಲ ಫ್ಲ್ಯಾಶ್ ಹೊಡೆದು ಇವರು "ಆತು" ಅಂದ ಮೇಲೇ ಗಂಟು. ಕೊಟ್ಟೂರು, ಕೂಡ್ಲಿಗಿ, ಎಲ್ಲ ಕಡೆ ಇದೇ ನಡೆದುಕೊಂಡು ಬಂದಿತ್ತು. ಮಂತ್ರ ಹೇಳುವ ಅಯ್ಯನೋರೂ ಆ "ಆತು"ಗೆ ಕಾಯುತ್ತಿದ್ದರು.

ಕ್ಯಾಮೆರಾ ಆರಿಸಲು ದಾವಣಗೆರೆಗೆ ಹೊರಟಾಗ ನಾನೂ ಬಸ್ಸು ಹತ್ತಿದೆ. "ನೀ ಯಾಕ ಸುಮ್ನ" ಅಂದರು. "ಸುಮ್ನ ಕುಂದ್ರಾಕ" ಅಂದೆ.

ಅಂಗಡಿಯವರು ಮೂರು ಕ್ಯಾಮೆರಾ ತೆಗೆದಿಟ್ಟರು. ಒಂದು ದೊಡ್ಡದು, ಹೆಗಲ ಮೇಲೆ ಹೊರುವಂಥದು, ವಿಡಿಯೋ ಮಾತ್ರ. ನನ್ನ ಕಣ್ಣೆಲ್ಲ ಅದರ ಮೇಲೆ. ಎರಡನೆಯದು ಫೋಟೋ ಕ್ಯಾಮೆರಾ, ಆದರೆ ವಿಡಿಯೋನೂ ಬರುತ್ತದೆ ಅಂದರು. ಎಷ್ಟು ಹೊತ್ತು ಅಂತ ಕೇಳಿದೆ. ಮೂರು ನಿಮಿಷವಂತೆ, ಆಮೇಲೆ ತಾನೇ ನಿಲ್ಲುತ್ತದಂತೆ.

"ಮೂರು ನಿಮಿಷದಾಗ ನಮ್ಮ ಕಡೆ ಬೀಗರು ಚಪ್ಲಿ ಬಿಟ್ಟು ಒಳಗ ಬರೋದೂ ಮುಗಿಯಂಗಿಲ್ಲ" ಅಂದೆ.

ಅಂಗಡಿಯವರು ನಕ್ಕು ಅದನ್ನು ಬದಿಗಿಟ್ಟರು. ಮೂರನೆಯದು ಇವರ ಹಾಳೆಯಲ್ಲಿದ್ದದ್ದು. ಉಪ್ಪಿನಕಾಯಿ ಡಬ್ಬಿಯಷ್ಟು. ಗುಂಡಿ ಈ ಕಡೆ ತಿರುವಿದರೆ ವಿಡಿಯೋ, ಆ ಕಡೆ ತಿರುವಿದರೆ ಫೋಟೋ. ಇವರು ಅದನ್ನು ಎತ್ತಿಕೊಂಡವರು ಕೆಳಗಿಡಲಿಲ್ಲ.

ನಾನು ಒಂದೊಂದಾಗಿ ಅಡ್ಡಗಾಲು ಹಾಕಿದೆ. ಫೋಟೋ ದೊಡ್ಡದು ಮಾಡಿದರೆ ಹೇಗೆ ಬರುತ್ತದೆ? ಅಂಗಡಿಯವರು, "ಅಂಗೈಯಗಲ ಆದ್ರೆ ಚಲೋ ಬರ್ತೈತಮ್ಮ, ಅದಕ್ಕೂ ದೊಡ್ಡದಾದ್ರೆ ಮುಖದ ತುಂಬಾ ಚೌಕ ಚೌಕ ಕಾಣ್ತಾವು" ಅಂದರು. "ನೋಡ್ರಿ, ಚೌಕ ಚೌಕಂತ" ಅಂತ ಇವರ ಕಡೆ ತಿರುಗಿದೆ. ಇಷ್ಟು ಸಣ್ಣದು ಹಿಡಿದು ನಿಂತರೆ ಹೆಣ್ಣಿನ ಕಡೆಯವರು, ಯಾರೋ ನೆಂಟರು ಬಂದಾರ ಅಂದುಕೊಳ್ಳುತ್ತಾರೆ ಅಂದೆ. ಕೈ ನಡುಗಿದರೆ ಮಂಟಪವೇ ನಡುಗುತ್ತದೆ ಅಂದೆ. ನಾನು ಹೇಳಿದ್ದೆಲ್ಲ ನಿಜ. ಆದರೆ ನಿಜವಾದ ಕಾರಣ ಮಾತ್ರ ಹೇಳಲಿಲ್ಲ. ಅದನ್ನು ಹೇಳಲು ನಾಚಿಕೆಯಾಯಿತು.

ಕೊನೆಗೆ ಅಂಗಡಿಯವರು ಕ್ಯಾಮೆರಾ ಕೊರಳಿಗೆ ಹಾಕಿಕೊಳ್ಳುವ ಬೆಲ್ಟಿನ ಅಳತೆ ನೋಡಲು, "ಕ್ಯಾಮೆರಾ ಹಿಡಿಯೋರು ಯಾರು ನಿಮ್ಮೊಳಗೆ?" ಅಂತ ಕೇಳಿದರು.

"ನಾನು" ಅಂದೆವು, ಇಬ್ಬರೂ ಒಟ್ಟಿಗೆ.

ಅಂಗಡಿಯವರು ಚಹಾ ತರಿಸಿದರು. ಚಹಾ ಮುಗಿಯುವಷ್ಟರಲ್ಲಿ ಇವರು ಸಣ್ಣ ಕ್ಯಾಮೆರಾ ಕಟ್ಟಿಸಿಕೊಂಡಿದ್ದರು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಅದು ಅವರ ತೊಡೆಯ ಮೇಲೆ, ನಾನು ಕಿಟಕಿಯ ಕಡೆ.

ಮೊದಲ ಮದುವೆ ಹಲವಾಗಲಿನಲ್ಲಿ. ಬೆಳಿಗ್ಗೆ ಹತ್ತರ ಮುಹೂರ್ತ. ಕ್ಯಾಮೆರಾ ಇವರ ಕೈಯಲ್ಲಿ, ಆರು ವರ್ಷದ ಮೇಲೆ ಲೈಟು ಮತ್ತೆ ನನ್ನ ಕೈಯಲ್ಲಿ. ಹೊಟ್ಟೆಯೊಳಗೆ ಉರಿ ಎಷ್ಟಿತ್ತು ಅಂದರೆ ಲೈಟೇ ಬೇಕಾಗಿರಲಿಲ್ಲ.

ತೊಂದರೆ ಶುರುವಾದದ್ದು ಬೀಗರನ್ನು ಎದುರುಗೊಳ್ಳುವಾಗ. ನಮ್ಮ ಕಡೆಯ ಜನಕ್ಕೆ ಒಂದು ರೂಢಿಯಿದೆ. ಸಣ್ಣ ಕ್ಯಾಮೆರಾ ಕಂಡರೆ ಫೋಟೋ, ಉಸಿರು ಹಿಡಿದು ಅಲ್ಲಾಡದೆ ನಿಲ್ಲಬೇಕು. ಹೆಗಲ ಮೇಲಿನ ಕ್ಯಾಮೆರಾ ಕಂಡರೆ ವಿಡಿಯೋ, ಏನಾದರೂ ಮಾಡುತ್ತಿರಬೇಕು. ಏನೂ ಇಲ್ಲದಿದ್ದರೆ ಪಕ್ಕದವರ ಕಿವಿಯಲ್ಲಿ ಸುಮ್ಮನೆ ಬಾಯಿ ಆಡಿಸಬೇಕು. ಇವರ ಕೈಯಲ್ಲಿದ್ದದ್ದು ಸಣ್ಣದು. ತಿರುವಿದ್ದು ಮಾತ್ರ ವಿಡಿಯೋದ ಗುಂಡಿ. ಬೀಗರಿಬ್ಬರೂ ಅಪ್ಪಿಕೊಂಡರು, ಇವರ ಕಡೆ ಮುಖ ತಿರುಗಿಸಿದರು, ಹಾಗೇ ನಿಂತರು. ಬಿಡಲೇ ಇಲ್ಲ. ಫ್ಲ್ಯಾಶ್ ಹೊಡೆಯಲಿ ಅಂತ ಅವರು ಕಾಯುತ್ತಿದ್ದಾರೆ. ಏನಾದರೂ ಮಾಡಲಿ ಅಂತ ಇವರು ಕಾಯುತ್ತಿದ್ದಾರೆ. ಹಿಂದೆ ನಲವತ್ತು ಮಂದಿ ನೆಂಟರು ಕಲ್ಲಾಗಿದ್ದಾರೆ. ಆರತಿ ತಟ್ಟೆ ಹಿಡಿದ ಮುತ್ತೈದೆಯೊಬ್ಬಳ ಕೈ ಸೋತು ದೀಪ ನಡುಗುತ್ತಿತ್ತು, ಪಾಪ, ಆದರೂ ಕೆಳಗಿಳಿಸಲಿಲ್ಲ.

"ಇದು ವಿಡಿಯೋ, ಅಲ್ಲಾಡ್ರಿ" ಅಂತ ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಇವರಿಗೆ ಹೇಳಿ ಅಭ್ಯಾಸವಿಲ್ಲ. ನನಗೆ ಅಭ್ಯಾಸವಿತ್ತು, ಆದರೆ ಹೇಳಲಿಲ್ಲ. ಬೇಕಂತಲೇ ಸುಮ್ಮನಿದ್ದೆ. ಒಬ್ಬರೇ ಸಾಕು ಅಂದರಲ್ಲ, ಮಾಡಿಕೊಳ್ಳಲಿ ಅಂತ ಲೈಟು ಹಿಡಿದು ನೆಟ್ಟಗೆ ನಿಂತೆ. ಒಳಗೊಳಗೇ ಖುಷಿಯೂ ಆಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಮುಹೂರ್ತ ಬಂತು. ಅಯ್ಯನೋರು ಮಂತ್ರ ಏರಿಸಿದರು. ವಾದ್ಯದವರು ಗಲ್ಲ ಉಬ್ಬಿಸಿ ಊದಿದರು. ಹಂದರದ ತುಂಬ ಜನ ಮುಷ್ಟಿಯಲ್ಲಿ ಅಕ್ಕಿಕಾಳು ಹಿಡಿದು ಕೈ ಎತ್ತಿದರು. ಮದುಮಗ ತಾಳಿ ಎತ್ತಿ ಮದುಮಗಳ ಕೊರಳಿನ ತನಕ ಒಯ್ದು ನಿಂತ. ಎಲ್ಲ ಮದುವೆಯಲ್ಲೂ ನೋಡಿದ್ದನಲ್ಲ, "ಆತು" ಅನ್ನುವ ತನಕ ಕಟ್ಟಬಾರದು ಅಂತ ಅವನಿಗೆ ಗೊತ್ತು. ಇವರು ವಿಡಿಯೋ ಓಡಿಸುತ್ತ, ಅವನು ಕಟ್ಟಲಿ ಅಂತ ಕಾದರು. ಅವನು ಇವರ ಮುಖ ನೋಡುತ್ತಾನೆ, ಇವರು ಅವನ ಕೈ ನೋಡುತ್ತಾರೆ. ಅಯ್ಯನೋರು ಮಂತ್ರ ಮುಗಿಸಿ ಮತ್ತೆ ಮೊದಲಿಂದ ಶುರುಮಾಡಿದರು. ವಾದ್ಯದವರಲ್ಲಿ ಒಬ್ಬರಿಗೆ ಉಸಿರು ಮುಗಿದು ಶಹನಾಯಿ ಕುಯ್ ಅಂತ ನಿಂತಿತು. ಮದುಮಗಳು ತಲೆ ಬಗ್ಗಿಸಿದ್ದವಳು ಮೆಲ್ಲಗೆ ಓರೆಗಣ್ಣಲ್ಲಿ ನೋಡಿದಳು. ಅವಳ ಕಣ್ಣಲ್ಲಿ ನೀರಾಡಿತು. ಇವನಿಗೆ ಮನಸ್ಸಿಲ್ಲವೇನೋ ಅಂತ ಅವಳಿಗೆ ಅನಿಸಿಬಿಟ್ಟಿತ್ತು.

ಅದನ್ನು ನೋಡಿದ ಮೇಲೆ ನನ್ನ ಸೇಡು ಗೀಡು ಎಲ್ಲ ಹಾರಿಹೋಯಿತು. "ಯಪ್ಪಾ, ವಿಡಿಯೋ ಐತಿ ಅದು, ಫೋಟೋ ಅಲ್ಲ. ಕಟ್ಟು, ಕಟ್ಟು!" ಅಂತ ಕೂಗಿದೆ. ಅವನು ಬೆಚ್ಚಿ ಮೂರು ಗಂಟಿನ ಬದಲು ನಾಲ್ಕು ಹಾಕಿದ. ಅಕ್ಕಿಕಾಳು ಬಿದ್ದವು. ಇವರು ಆ ಗಡಿಬಿಡಿಯಲ್ಲಿ ಗುಂಡಿ ತಿರುವಿ ಫೋಟೋನೂ ತೆಗೆದರು. ಅದರಲ್ಲಿ ಮದುಮಗನೂ ಇಲ್ಲ, ಮದುಮಗಳೂ ಇಲ್ಲ, ಬಾಯಿ ತೆರೆದ ನಾನಿದ್ದೆ.

ವಾರದ ಮೇಲೆ ಕ್ಯಾಸೆಟ್ಟು ಕೊಡಲು ಇಬ್ಬರೂ ಹೋದೆವು. ಹೆಣ್ಣಿನ ಮನೆಯವರು ಕೂರಿಸಿ, ಮಂಡಕ್ಕಿ ಮಿರ್ಚಿ ಕೊಟ್ಟು, ಟಿವಿಗೆ ಹಾಕಿದರು. ಮದುವೆಗೆ ಮದುವೆಯೇ ಅಲ್ಲಾಡದೆ ನಿಂತಿತ್ತು. ನಿಂತ ಬೀಗರು, ನಿಂತ ಆರತಿ, ನಿಂತ ಅಡುಗೆಯವರು, ಸಾರು ಬಡಿಸಲು ಬಗ್ಗಿ ಬಗ್ಗಿಯೇ ಉಳಿದ ಒಬ್ಬ ಸೋದರಮಾವ. "ಟಿವಿ ಕೆಟ್ಟೈತೇನ್ರಿ" ಅಂತ ಯಾರೋ ಎದ್ದು ಅದರ ತಲೆಗೆ ಎರಡು ಬಡಿದರು. ಅಷ್ಟರಲ್ಲಿ ನನ್ನ ದನಿ ಬಂತು, ಪಡಸಾಲೆಯೆಲ್ಲ ತುಂಬುವ ಹಾಗೆ: "ಕಟ್ಟು, ಕಟ್ಟು!" ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮದುಮಗಳ ಅಜ್ಜಿ ಮಾತ್ರ ನಗದೆ, "ಈ ಹೆಣ್ಮಗಳು ಇರಲಿಲ್ಲಂದ್ರ ನನ್ ಮೊಮ್ಮಗಳ ಲಗ್ನ ಇನ್ನೂ ನಡಿತಿತ್ತು ನೋಡ್ರಿ" ಅಂದಳು.

ನಮ್ಮ ಯಜಮಾನರು ಮಿರ್ಚಿ ಕೆಳಗಿಟ್ಟರು.

ಆ ಅಜ್ಜಿಯ ಬಳಗ ಕೊಟ್ಟೂರಿನಲ್ಲಿತ್ತು. ತಿಂಗಳೊಳಗೆ ಅಲ್ಲಿಂದ ಒಬ್ಬ ಹಿರಿಯರು ಸ್ಟುಡಿಯೋಕ್ಕೆ ಬಂದು ಮದುವೆಯ ದಿನ ಹೇಳಿ, ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, "ಅಪ್ಪಾರ, ತಪ್ಪು ತಿಳಕೋಬ್ಯಾಡ್ರಿ. ಕ್ಯಾಮೆರಾ ಅಕ್ಕನ ಕೈಯಾಗ ಇರಲಿ" ಅಂದರು. ಇವರು ಕೌಂಟರಿನ ಗಾಜು ಒರೆಸಲು ಶುರುಮಾಡಿದರು. ಒರೆಸಿದ್ದನ್ನೇ ಒರೆಸಿದರು.

ಕೊಟ್ಟೂರಿನ ಮದುವೆಯಲ್ಲಿ ಎರಡೂ ಕೆಲಸ ನನ್ನದಾಯಿತು. "ಈಗ ವಿಡಿಯೋ, ಮಾತಾಡ್ರಿ, ನಗ್ರಿ." ಗುಂಡಿ ತಿರುವಿ, "ಈಗ ಫೋಟೋ, ಸುಮ್ನ ನಿಂದರ್ರಿ." ಇಡೀ ಹಂದರ ನಾನು ಹೇಳಿದ ಹಾಗೆ ಕುಣಿಯಿತು, ನಿಂತಿತು. ತಾಳಿ ಕಟ್ಟುವಾಗ ಫೋಟೋಕ್ಕೆ ಒಮ್ಮೆ ತಡೆದು, ಗುಂಡಿ ತಿರುವಿ, ಕಟ್ಟಪ್ಪಾ ಅಂದೆ. ಒಂದು ಕಾಳಿನಷ್ಟೂ ತಪ್ಪಲಿಲ್ಲ. ಆ ಸಣ್ಣ ಡಬ್ಬಿ ನನ್ನ ಕೈಗೆ ಎಷ್ಟು ಚೆನ್ನಾಗಿ ಹೊಂದಿತ್ತು ಅಂದರೆ, ಅಂಗಡಿಯಲ್ಲಿ ಅದನ್ನು ಬೈದದ್ದಕ್ಕೆ ನನಗೇ ಪಿಚ್ಚೆನಿಸಿತು.

ಇವರು ಲೈಟು ಹಿಡಿದಿದ್ದರು. ಗಂಡಿನ ಕಡೆಯವರೊಬ್ಬರು ಇವರನ್ನು "ಏ ಲೈಟಿನೋರ" ಅಂತ ಕರೆದದ್ದು ನನಗೆ ಕೇಳಿಸಿತು. ಹದಿನೆಂಟು ವರ್ಷ ಊರೂರಿನ ಮದುಮಕ್ಕಳ ಕೈ ತಡೆದು ನಿಲ್ಲಿಸಿದ ಮನುಷ್ಯ, ಕರೆದ ಕಡೆ ಲೈಟು ತಿರುಗಿಸಿದರು. ಹಾಗೆ ನಿಲ್ಲುವುದು ಹೇಗಿರುತ್ತದೆ ಅಂತ ನನಗಿಂತ ಚೆನ್ನಾಗಿ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಊಟದ ಪಂಕ್ತಿಗೆ ಮುಂಚೆ ಇವರು ಹತ್ತಿರ ಬಂದರು. ಲೈಟು ಆರಿಸಿ, ವೈರು ಸುತ್ತುತ್ತ, ನನ್ನ ಮುಖ ನೋಡದೆ, "ಬೀಗರ ಗುಂಪಿನ ಫೋಟೋ ಒಂದ್ ಎರಡು ನಾ ತೆಗಿಲೇನು?" ಅಂತ ಕೇಳಿದರು. ಅವರು ನನ್ನ ಹತ್ತಿರ ಯಾವತ್ತೂ ಏನನ್ನೂ ಕೇಳಿದವರಲ್ಲ.

ಕೊಟ್ಟುಬಿಡಬೇಕಿತ್ತು. ಅದು ನನಗೆ ಆಗಲೂ ಗೊತ್ತಿತ್ತು, ಈಗಲೂ ಗೊತ್ತಿದೆ.

"ಊಟ ಆಗ್ಲಿ, ನೋಡಾನ" ಅಂದೆ, ಕ್ಯಾಮೆರಾ ಈ ಕೈಯಿಂದ ಆ ಕೈಗೆ ಬದಲಿಸಿಕೊಂಡು.